ಮಂಗಳವಾರದ ಓಜೋನ್

ದಾವಣಗೆರೆಯ ನಮ್ಮ ನಿಟ್ಟುವಳ್ಳಿ ಬಡಾವಣೆಯ ಆಕಾಶ ಮಿಕ್ಕ ಊರುಗಳ ಆಕಾಶಕ್ಕಿಂತ ದಪ್ಪ ಎಂದು ಕೆಲವು ವಾರ ಹೊರದೇಶದವರೂ ನಂಬಿದ್ದರು. ನಾವಂತೂ ನಂಬಿಯೇ ಇದ್ದೆವು. ಇದಕ್ಕೆಲ್ಲ ಕಾರಣ ನನ್ನ ಎದುರು ಮನೆಯ ಹಾಲೇಶಪ್ಪನವರು. ಅವರ ಬಗ್ಗೆ ಊರ ತುಂಬ ಏನೇನೋ ಮಾತು ಹಬ್ಬಿರುವುದರಿಂದ ನಡೆದದ್ದನ್ನು ನಡೆದ ಹಾಗೆ ಬರೆದಿಡುವುದು ಎದುರು ಮನೆಯವನಾದ ನನ್ನ ಕರ್ತವ್ಯ. ನನ್ನ ಹೆಸರು ಈ ಕಥೆಯಲ್ಲಿ ಒಂದೇ ಒಂದು ಕಡೆ ಬರುತ್ತದೆ. ಬಂದಾಗ ನಾಚಿಕೊಳ್ಳುತ್ತೇನೆ.

ಹಾಲೇಶಪ್ಪನವರು ಮೂವತ್ತೆರಡು ವರ್ಷ ನಮ್ಮ ಬಡಾವಣೆಗೆ ನೀರು ಬಿಟ್ಟವರು. ಹೆಗಲ ಮೇಲೆ ಉದ್ದನೆಯ ಕಬ್ಬಿಣದ ಕೀಲಿ, ಕಂಕುಳಲ್ಲಿ ಒಂದು ರಿಜಿಸ್ಟರು. ರಸ್ತೆ ನಡುವಿನ ಗುಂಡಿಯ ಮುಚ್ಚಳ ಎತ್ತಿ, ಕೀಲಿ ಇಳಿಸಿ, ಎರಡು ಸುತ್ತು ತಿರುಗಿಸಿದರೆ ಇಡೀ ಬೀದಿಯ ನಳಗಳು ಕೆಮ್ಮಿ ನೀರು ಕಾರುತ್ತಿದ್ದವು. ಬಿಟ್ಟದ್ದು ಎಷ್ಟು ಹೊತ್ತಿಗೆ, ನಿಲ್ಲಿಸಿದ್ದು ಎಷ್ಟು ಹೊತ್ತಿಗೆ, ಯಾರು ಏನು ತಕರಾರು ಮಾಡಿದರು, ಎಲ್ಲವನ್ನೂ ಅಲ್ಲೇ ನಿಂತು ಬರೆದುಕೊಳ್ಳುತ್ತಿದ್ದರು. ಆ ರಿಜಿಸ್ಟರನ್ನು ಯಾವ ಮೇಲಧಿಕಾರಿಯೂ ತೆರೆದು ನೋಡಿದ್ದನ್ನು ನಾವು ಕಾಣೆವು. ನೀರು ಬಾರದ ದಿನ ಜನ ಮುತ್ತಿಕೊಂಡರೆ ಅವರ ಬಳಿ ಒಂದೇ ಉತ್ತರ ಇತ್ತು: "ಮೇಲಿಂದಾನೆ ಪ್ರೆಶರ್ ಇಲ್ರಿ." ಮೇಲೆ ಎಂದರೆ ಹರಿಹರದ ಹೊಳೆ ದಂಡೆಯ ಪಂಪ್‌ಹೌಸು. ಅದನ್ನು ನಾವ್ಯಾರೂ ನೋಡಿದವರಲ್ಲ, ಹಾಗಾಗಿ ತೆಪ್ಪಗೆ ಬಿಂದಿಗೆ ಎತ್ತಿಕೊಂಡು ಮನೆಗೆ ಹೋಗುತ್ತಿದ್ದೆವು.

ನಿವೃತ್ತಿಯ ದಿನ ಹಾರ, ಶಾಲು ಎಲ್ಲ ಆಯಿತು. ಮರುದಿನ ಬೆಳಿಗ್ಗೆ ಅವರು ರೂಢಿಯಂತೆ ಬೀದಿಗೆ ಇಳಿದರು. ಮೂಲೆ ಮನೆಯ ಶಕುಂತಲಮ್ಮ, ಕಿರಾಣಿ ವ್ಯಾಪಾರಸ್ಥರ ಮನೆಯ ಯಜಮಾನಿ, ಇಷ್ಟು ವರ್ಷ ಅವರಿಗೆ ಕಾಫಿ ಕೊಡದೆ ಮುಂದೆ ಹೋಗಲು ಬಿಟ್ಟವರಲ್ಲ. ಅವತ್ತು ಗೇಟಿನ ಹತ್ತಿರ ನಿಂತು ಇವರ ಹೆಗಲ ಆಚೆ ನೋಡುತ್ತಾ, "ಸ್ವಲ್ಪ ಸರೀರಿ ಹಾಲೇಶಪ್ಪಾರೆ, ನೀರು ಬಿಡೋರು ಬಂದ್ರು" ಎಂದರು. ಹಿಂದೆ ಬೈಕಿನ ಮೇಲೆ ಹೊಸ ಹುಡುಗ ಬರುತ್ತಿದ್ದ. ಹಾಲೇಶಪ್ಪನವರು ಸರಿದರು. ಆಮೇಲೆ ನಾಲ್ಕು ತಿಂಗಳು ಅವರು ಮನೆ ಮುಂದಿನ ಕಟ್ಟೆ ಬಿಟ್ಟು ಏಳಲಿಲ್ಲ.

ಅವರನ್ನು ಎಬ್ಬಿಸಿದವಳು ಶಾಂತಲಾ. ಮಾಯಕೊಂಡದ ಹುಡುಗಿ, ನಮ್ಮ ಊರಿನ ಒಂದು ಕಾಲೇಜಿನಲ್ಲಿ ಪ್ರೊಫೆಸರ್ ನಾಗಭೂಷಣ್ ಅವರ ಕೈಕೆಳಗೆ ಸಂಶೋಧನೆ ಮಾಡುತ್ತಿದ್ದಳು. ಸುತ್ತ ಎತ್ತರದ ಕಟ್ಟಡ, ಮರ ಯಾವುದೂ ಇಲ್ಲದ ತಾರಸಿ ಹುಡುಕುತ್ತಾ ಬಿಸಿಲಲ್ಲಿ ಮೂರು ದಿನ ಬೀದಿ ಬೀದಿ ಅಲೆದು, ಕೊನೆಗೆ ಹಾಲೇಶಪ್ಪನವರ ಕಟ್ಟೆಯ ಮೇಲೆ ನೀರು ಕೇಳಿ ಕೂತಳು. ಮೂವತ್ತೆರಡು ವರ್ಷದ ಅಭ್ಯಾಸ, ನೀರು ಕೇಳಿದವರನ್ನು ಅವರು ವಿಚಾರಿಸದೆ ಬಿಡುವುದಿಲ್ಲ.

ವಿಷಯ ಇಷ್ಟು. ಭೂಮಿಯ ಮೇಲೆ ಬಹಳ ಎತ್ತರದಲ್ಲಿ ಓಜೋನ್ ಎಂಬ ಹೊದಿಕೆ ಇದೆ, ಅದು ಸೂರ್ಯನ ಕೆಟ್ಟ ಕಿರಣವನ್ನು ತಡೆಯುತ್ತದೆ. ಆ ಹೊದಿಕೆ ಎಲ್ಲೆಲ್ಲಿ ಹೇಗಿದೆ ಎಂದು ನೋಡುತ್ತಿರಬೇಕು. ನೋಡುವ ಯಂತ್ರ ಕೊಳ್ಳಲು ಎಲ್ಲರಿಗೂ ಆಗುವುದಿಲ್ಲವೆಂದು ಹಲವು ದೇಶಗಳು ಕೂಡಿ ಒಂದು ನಿಧಿ ಮಾಡಿವೆ. ಆ ನಿಧಿಯಿಂದ ಎರಡು ಯಂತ್ರ ನಮ್ಮ ಕಡೆಗೆ ಬಂದಿವೆ. ಒಂದು ಹರಿಹರದ ಹೊಳೆ ಹತ್ತಿರ ಕೂತಾಗಿದೆ, ಇನ್ನೊಂದಕ್ಕೆ ದಾವಣಗೆರೆಯಲ್ಲಿ ಜಾಗ ಬೇಕು. ಮೇ ತಿಂಗಳಲ್ಲಿ ನಿಧಿಯವರು ತಪಾಸಣೆಗೆ ಬರುತ್ತಾರೆ. ಅವರು ಒಪ್ಪಿದರೆ ಇನ್ನು ಮೂರು ವರ್ಷ ಹಣ ಬರುತ್ತದೆ, ಶಾಂತಲಾಳ ಪಿಎಚ್‌ಡಿ ಮುಗಿಯುತ್ತದೆ. ಒಪ್ಪದಿದ್ದರೆ ಯಂತ್ರ ವಾಪಸು, ಶಾಂತಲಾ ಮಾಯಕೊಂಡಕ್ಕೆ ವಾಪಸು.

"ನೀವು ಮಾಡೋದು ಏನೂ ಇಲ್ಲ ಅಂಕಲ್," ಎಂದಳು ಶಾಂತಲಾ. "ದಿನಾ ಬೆಳಿಗ್ಗೆ ಮೆತ್ತನೆ ಬಟ್ಟೆಲಿ ಆ ಗಾಜು ಒರೆಸಬೇಕು. ಅದರ ಲೆಕ್ಕ ಅದೇ ನಮ್ಮ ಕಂಪ್ಯೂಟರಿಗೆ ಕಳಿಸ್ತೈತೆ. ಏನೇ ಮಾಡಿದ್ರೂ ಒಂದು ಪುಸ್ತಕದಾಗೆ ಬರೆದಿಟ್ರೆ ಸಾಕು."

"ಬರೆಯೋದು ನನಗೆ ಹೇಳಿಕೊಡಬ್ಯಾಡವ್ವ" ಎಂದ ಹಾಲೇಶಪ್ಪನವರು ಟ್ರಂಕಿನಿಂದ ಒಂದು ಖಾಲಿ ರಿಜಿಸ್ಟರು ಹೊರಗೆ ತೆಗೆದರು.

ಯಂತ್ರವೆಂದರೆ ಮೂರು ಕಾಲಿನ ಮೇಲೆ ಒಂದು ಬಿಳಿ ಡಬ್ಬಿ, ಅದರ ನೆತ್ತಿಯ ಮೇಲೆ ತೆಂಗಿನ ಹೋಳು ಬೋರಲು ಹಾಕಿದಂಥ ಗಾಜಿನ ಬುರುಡೆ. ಅದು ತಾರಸಿ ಏರಿದ ದಿನವೇ ಶಕುಂತಲಮ್ಮ ತಮ್ಮ ಮಾಳಿಗೆ ಮೇಲಿಂದ ಕೂಗಿದರು. ಮಾರ್ಚ್ ಶುರುವಾಗಿತ್ತು, ಅವರು ಅರಳು ಸಂಡಿಗೆ ಹಾಕಿದ್ದರು, ಎರಡು ದಿನದಿಂದ ಹಾಳು ಮೋಡ ಕವಿದು ಸಂಡಿಗೆ ಹುಳಿ ವಾಸನೆ ಹೊಡೆಯತೊಡಗಿತ್ತು.

"ಅದೇನ್ರಿ ಹಾಲೇಶಪ್ಪಾರೆ?"

"ಓಜೋನ್ ರೀ. ಗೌರ್ಮೆಂಟಿಗಿಂತ ಮೇಲಿನೋರು ಕೊಟ್ಟಿದ್ದು."

"ಏನು ಮಾಡ್ತೈತೆ?"

ಇಲ್ಲಿ ಹಾಲೇಶಪ್ಪನವರು "ಬಿಸಿಲು ಎಷ್ಟು ಬಂತು ಅಂತ ಅಳೀತೈತೆ" ಎಂದು ಹೇಳಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ನಾಲ್ಕು ತಿಂಗಳ ನಂತರ ಶಕುಂತಲಮ್ಮ ಅವರ ಮುಖವನ್ನು ನೇರವಾಗಿ ನೋಡಿ ಮಾತಾಡಿಸಿದ್ದರು. ಮನುಷ್ಯನ ಬಾಯಿ ಅಂಥ ಹೊತ್ತಿನಲ್ಲಿ ಅವನ ಮಾತು ಕೇಳುವುದಿಲ್ಲ.

"ಬಿಸಿಲು ಎಷ್ಟು ಬಿಡಬೇಕು ಅನ್ನೋದು ಇದರಾಗೇ ಐತೆ" ಎಂದರು.

ಶಕುಂತಲಮ್ಮ ಒಂದು ಗಳಿಗೆಯೂ ತಡಮಾಡಲಿಲ್ಲ. "ಹಂಗಾರೆ ಸ್ವಲ್ಪ ಬಿಡ್ರಲ್ಲ ಮತ್ತೆ! ಸಂಡಿಗೆ ಕೆಟ್ಟು ಹೋಗ್ತದಾವೆ!"

ಹಾಲೇಶಪ್ಪನವರು ಗಂಭೀರವಾಗಿ ಯಂತ್ರದ ಹತ್ತಿರ ಹೋಗಿ ಗಾಜನ್ನು ಒರೆಸಿದರು. ಏನು ಹೇಳಲಿ, ಐದೇ ನಿಮಿಷಕ್ಕೆ ಮೋಡ ಸರಿದು ಬಿಸಿಲು ಚುರುಗುಟ್ಟಿತು. ನಾನು ನನ್ನ ಬಾಗಿಲಲ್ಲಿ ನಿಂತು ಕಣ್ಣಾರೆ ನೋಡಿದ್ದೇನೆ. ಶಕುಂತಲಮ್ಮ ಆಗಲೇ ಕೆಳಗಿಳಿದು ಒಂದು ಲೋಟ ಕಾಫಿ ಹಿಡಿದು ಬಂದರು.

ಎರಡನೆಯ ಅರ್ಜಿ ತಂದವರು ಮುಮ್ತಾಜ್. ಅವರದು ಮಂಡಕ್ಕಿ ಹುರಿಯುವ ಭಟ್ಟಿ. ನಮ್ಮ ಬೀದಿಯಲ್ಲೇ ಮನೆ, ಬೆಳಗಾದರೆ ಸ್ಕೂಟರಿನಲ್ಲಿ ಭಟ್ಟಿಗೆ ಹೊರಡುವವರು. ಸ್ಕೂಟರು ನಿಲ್ಲಿಸಿ, ಇಳಿಯದೆಯೇ ಹೇಳಿದರು:

"ಹಾಲೇಶಣ್ಣ, ಶಕುಂತಲಮ್ಮಗೆ ಬಿಸಿಲು ಬಿಟ್ರಂತೆ. ನಮಗೆ ನೆರಳು ಬೇಕು ನೋಡ್ರಿ. ಮಂಗಳವಾರ, ಶುಕ್ರವಾರ ಭಟ್ಟಿ ಜೋರು ಇರ್ತೈತೆ. ಒಳಗೆ ಬೆಂಕಿ, ಹೊರಗೆ ಬಿಸಿಲು, ಹೆಣ್ಮಕ್ಕಳು ತಲೆ ತಿರುಗಿ ಬೀಳ್ತಾರೆ. ಆ ಎರಡು ದಿನ ಮಧ್ಯಾಹ್ನ ಸ್ವಲ್ಪ ಬಂದ್ ಮಾಡ್ರಿ, ಮೆಹರ್ಬಾನಿ ಆಗ್ತೈತೆ."

ಕೇಳಿದ್ದರಲ್ಲಿ ನ್ಯಾಯ ಇತ್ತು. ಹಾಲೇಶಪ್ಪನವರಿಗೆ ನ್ಯಾಯವೆಂದರೆ ಪಾಳಿ. ಮೇಲಿನ ಕೇರಿಗೆ ಸೋಮವಾರ ಬಿಟ್ಟರೆ ಕೆಳಗಿನ ಕೇರಿಗೆ ಗುರುವಾರ, ಇದನ್ನು ಅವರು ಮೂವತ್ತೆರಡು ವರ್ಷ ತಪ್ಪಿಸಿದವರಲ್ಲ. ಆ ಸಂಜೆಯೇ ರಿಜಿಸ್ಟರಿನಲ್ಲಿ ಗೆರೆ ಎಳೆದು ಪಾಳಿ ಬರೆದರು: ಮಂಗಳವಾರ, ಶುಕ್ರವಾರ ಹನ್ನೊಂದರಿಂದ ಸುಮಾರು ನಾಲ್ಕರ ತನಕ ನೆರಳು. ಉಳಿದ ದಿನ ಬಿಸಿಲು.

ನೆರಳು ಬಿಡುವುದು ಹೇಗೆ ಎಂಬ ಪ್ರಶ್ನೆ ಅವರಿಗೆ ಕಷ್ಟವಾಗಲಿಲ್ಲ. ಯಂತ್ರಕ್ಕೆ ತಿರುಗಿಸುವ ಕೀಲಿ ಇರಲಿಲ್ಲ. ಮುಚ್ಚುವುದೊಂದೇ ದಾರಿ. ಅವರ ತಂದೆ ಮಿಲ್ಲಿನಲ್ಲಿ ಕೆಲಸ ಮಾಡುತ್ತಿದ್ದ ಕಾಲದ ಒಂದು ದಪ್ಪ ಪಂಚೆ ಇತ್ತು. ಅದನ್ನು ಒದ್ದೆ ಮಾಡಿ, ಹಿಂಡಿ, ನಾಲ್ಕು ಮಡಿಕೆ ಹಾಕಿ ಗಾಜಿನ ಬುರುಡೆಗೆ ಹೊದಿಸಿದರು. ಒದ್ದೆ ಯಾಕೆ ಎಂದು ನಾನು ಕೇಳಿದೆ. "ನೆರಳು ಅಂದ್ರೆ ತಂಪು ಇರಬ್ಯಾಡೇನ್ರಿ?" ಎಂದರು. ಅವತ್ತು ಮಧ್ಯಾಹ್ನ ನಿಜವಾಗಿಯೂ ಮೋಡ ಕವಿಯಿತು. ಬೇಸಗೆಯಲ್ಲಿ ನಮ್ಮ ಕಡೆ ಹಾಗೆ ಕವಿಯುವುದುಂಟು. ಆದರೆ ಪಂಚೆ ಕಣ್ಣೆದುರಿಗೇ ಇರುವಾಗ ಅದನ್ನೆಲ್ಲ ಯಾರು ನೆನೆಸಿಕೊಳ್ಳುತ್ತಾರೆ?

ಅಲ್ಲಿಂದ ಕಟ್ಟೆಯ ಮೇಲೆ ಜನವೋ ಜನ. ಶಾಮಿಯಾನದವರು ಬಂದರು, ಮೆಣಸಿನಕಾಯಿ ಒಣಹಾಕುವವರು ಬಂದರು, ಮಗಳ ಮದುವೆಯ ಮೆರವಣಿಗೆಗೆ ಅರ್ಧ ತಾಸು ನೆರಳು ಕೇಳಲು ಭಾನುವಳ್ಳಿಯಿಂದ ಒಬ್ಬರು ಬಸ್ಸು ಹತ್ತಿ ಬಂದರು. ಎಲ್ಲವೂ ಹೆಸರು, ವೇಳೆ ಸಮೇತ ರಿಜಿಸ್ಟರಿಗೆ ಇಳಿಯಿತು. ಮೋಡ ಬಾರದ ಮಂಗಳವಾರಗಳೂ ಇದ್ದವು, ಅವೇ ಹೆಚ್ಚು. ಬೆವರು ಒರೆಸಿಕೊಳ್ಳುತ್ತಾ ಮುಮ್ತಾಜ್ ಬಂದು ಕೇಳಿದರೆ ಹಾಲೇಶಪ್ಪನವರು ಆಕಾಶ ನೋಡಿ, "ಪಂಚೆ ಮುಚ್ಚೀನಿ ಕಣಕ್ಕ. ಮೇಲಿಂದಾನೆ ಪ್ರೆಶರ್ ಇಲ್ಲ" ಎನ್ನುತ್ತಿದ್ದರು. ಮುಮ್ತಾಜ್ ತಲೆಯಾಡಿಸಿ ಹೋಗುತ್ತಿದ್ದರು.

ಅವರ ಹೆಂಡತಿ ಸರೋಜಮ್ಮ ಮಾತ್ರ ಅಡುಗೆ ಮನೆಯಿಂದ, "ಸೂರ್ಯನಿಗೂ ವಾಲ್ವ್ ಕೂರಿಸಿದ್ರಾ? ಅವನಾದ್ರೂ ಸುಮ್ನೆ ಇರ್ತಾನೋ, ಜಗಳಕ್ಕೆ ಬರ್ತಾನೋ!" ಎನ್ನುತ್ತಿದ್ದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಮೇ ಮೊದಲ ವಾರದಲ್ಲಿ ಶಾಂತಲಾ ಓಡಿಬಂದಳು. ಹಿಂದೆ ಏದುಸಿರು ಬಿಡುತ್ತಾ ಪ್ರೊಫೆಸರ್ ನಾಗಭೂಷಣ್.

"ಅಂಕಲ್, ನಮ್ಮ ದಾವಣಗೆರೆ ಮೇಲೆ ವಾರಕ್ಕೆ ಎರಡು ದಿನ ಓಜೋನ್ ದಪ್ಪ ಆಗ್ತೈತೆ! ಮಂಗಳವಾರ, ಶುಕ್ರವಾರ! ಜಗತ್ತಿನಾಗೆ ಎಲ್ಲೂ ಹಿಂಗಿಲ್ಲ!"

"ಅದರಲ್ಲೂ ಏಪ್ರಿಲ್ ಹನ್ನೊಂದು," ಎಂದರು ಪ್ರೊಫೆಸರರು ಕೈ ಎತ್ತಿ, "ಆ ದಿನ ಮಧ್ಯಾಹ್ನ ಒಂದೂ ಕಾಲಿಗೆ ಓಜೋನ್ ಥಟ್ಟನೆ ತೆಳುವಾಗಿ, ಏಳೇ ನಿಮಿಷಕ್ಕೆ ಮತ್ತೆ ದಪ್ಪ ಆಗೈತೆ ಕಣ್ರಿ. ಆ ಏಳು ನಿಮಿಷದ ಮೇಲೆ ನಾನು ಎಂಟು ಪುಟ ಬರೆದು ಕಳಿಸೀನಿ. ನಿಧಿಯವರು ಎದ್ದು ಕೂತಿದಾರೆ. ದೊಡ್ಡ ಮೇಡಂ ತಾವೇ ಬರ್ತಾರಂತೆ. ಇಪ್ಪತ್ತನೇ ತಾರೀಖು, ಮಂಗಳವಾರ. ಕಣ್ಣಾರೆ ನೋಡಬೇಕಂತೆ."

ಇಷ್ಟು ಕೇಳಿದ ಮೇಲೆ ಹಾಲೇಶಪ್ಪನವರಿಗೆ ಭಯವಾಗಬೇಕಿತ್ತಲ್ಲವೇ? ಆಗಲಿಲ್ಲ. ಹೆಮ್ಮೆಯಾಯಿತು. ತಮ್ಮ ಪಂಚೆಯ ಕೆಲಸ ಮೇಲಿನ ತನಕ ಮುಟ್ಟಿದೆ ಎಂದು ಅವರು ಮನಃಪೂರ್ವಕ ನಂಬಿದರು. ಇಸ್ತ್ರಿ ಅಂಗಿ ಹಾಕಿಕೊಂಡು ಓಡಾಡತೊಡಗಿದರು.

ಯಾವುದೋ ಸಂಜೆ ಪತ್ರಿಕೆಯಲ್ಲಿ ಈ ಸುದ್ದಿ ಬಂತು: ದಾವಣಗೆರೆಗೆ ದಪ್ಪ ಓಜೋನ್, ಹರಿಹರಕ್ಕೆ ತೆಳು. ಮರುದಿನ ಹನ್ನೆರಡು ಜನ ಒಂದು ಲಗೇಜ್ ಆಟೋದಲ್ಲಿ ಹರಿಹರದಿಂದ ಬಂದಿಳಿದರು. ಮುಂದಾಳು ಬಸವಪ್ರಭು, ಅಲ್ಲಿನ ಮಾಜಿ ಕೌನ್ಸಿಲರ್. ಬಿಳಿ ಅಂಗಿ, ಜೇಬಿನಲ್ಲಿ ಮನವಿ ಪತ್ರ.

"ಏನ್ರಿ ಹಾಲೇಶಪ್ಪ, ಮೊದಲು ನಮ್ಮ ಹೊಳೆ ನೀರು ತಗಂಡ್ರಿ. ಸುಮ್ನಿದ್ವಿ. ಈಗ ನಮ್ಮ ಓಜೋನೂ ಎಳಕಂತೀರಾ? ಹದಿನಾಲ್ಕು ಕಿಲೋಮೀಟರು ಇಲ್ಲ, ನಿಮ್ಮದು ದಪ್ಪ, ನಮ್ಮದು ತೆಳು! ನಮ್ಮ ಚರ್ಮ ಚರ್ಮ ಅಲ್ಲೇನ್ರಿ?"

"ಕೂಡ್ರಿ ಬಸವಪ್ರಭು ಅವ್ರೆ. ಪಾಳಿ ಐತೆ, ಬರೆಸಿ ಹೋಗ್ರಿ."

"ಪಾಳಿ ನಮಗ್ಯಾಕ್ರಿ? ಓಜೋನು ಮೊದಲು ಬರೋದು ನಮ್ಮ ಹೊಳೆ ಮ್ಯಾಲಿಂದ. ಮೂಲದಾಗೇ ಇರೋರು ನಾವು! ಮೇಡಂ ಬಂದ ದಿನ ನಾವೂ ಬರ್ತೀವಿ. ಇತ್ಯರ್ಥ ಆಗ್ಲೇಬೇಕು."

ಸರೋಜಮ್ಮ ಹನ್ನೆರಡು ಜನಕ್ಕೂ ಮಜ್ಜಿಗೆ ಕೊಟ್ಟರು. ಕುಡಿದು, ಲೋಟ ಕೆಳಗಿಟ್ಟು, ಮತ್ತೊಮ್ಮೆ ಧಿಕ್ಕಾರ ಕೂಗಿ ಹೋದರು.

ಸತ್ಯ ಹೊರಬಿದ್ದದ್ದು ಇಪ್ಪತ್ತಕ್ಕೆ ಮೂರು ದಿನ ಮೊದಲು. ಶಾಂತಲಾ ಕಟ್ಟೆಯ ಮೇಲೆ ಕೂತು ಮೇಡಮ್ಮಿಗೆ ಹೇಳಬೇಕಾದ್ದನ್ನು ಕನ್ನಡದಲ್ಲೇ ಅಭ್ಯಾಸ ಮಾಡುತ್ತಿದ್ದಳು. ಸರೋಜಮ್ಮ ಅವಳ ತಟ್ಟೆಗೆ ಒಗ್ಗರಣೆ ಮಂಡಕ್ಕಿ ಹಾಕುತ್ತಾ ಕೇಳಿದರು:

"ಅಲ್ಲವ್ವ, ಓಜೋನ್ ಅಷ್ಟು ಎತ್ತರದಾಗೆ ಐತೆ ಅಂತೀ. ಇದು ಇಲ್ಲಿ ಮಾಳಿಗೆ ಮ್ಯಾಲೆ ಕೂತು ಹೆಂಗೆ ಅಳೀತೈತೆ?"

"ನೇರ ಅಳೆಯಲ್ಲ ಆಂಟಿ. ಆ ಕೆಟ್ಟ ಕಿರಣ ಕೆಳಗೆ ಎಷ್ಟು ಬಂತು ಅಂತ ನೋಡ್ತೈತೆ. ಕಡಿಮೆ ಬಂದ್ರೆ ಮೇಲೆ ಓಜೋನ್ ದಪ್ಪ ಐತೆ ಅಂತ ಲೆಕ್ಕ."

ಶಾಂತಲಾ ತಿಂದು ಹೋದಳು. ಸರೋಜಮ್ಮ ಸೌಟು ಹಿಡಿದು ನಿಂತಲ್ಲೇ ನಿಂತಿದ್ದರು. ಆಮೇಲೆ ಗಂಡನ ಕಡೆ ತಿರುಗಿದರು.

"ಏನ್ರಿ. ಕೆಳಗೆ ಕಡಿಮೆ ಬಂದ್ರೆ ಮೇಲೆ ದಪ್ಪ ಅಂತೈತಂತೆ. ನೀವು ವಾರಕ್ಕೆ ಎರಡು ದಿನ ಅದರ ತಲೆ ಮ್ಯಾಲೆ ಮಾವನವರ ಪಂಚೆ ಹಾಕ್ತೀರಲ್ಲ?"

ಹಾಲೇಶಪ್ಪನವರು ಕೂತಲ್ಲಿಂದ ಎದ್ದರು. ಹೇಳಿದವರು ನಮಗೆ ಸರೋಜಮ್ಮನವರೇ. ಗಂಡ ಮಾಳಿಗೆ ಏರಿ ಪಂಚೆಯನ್ನು ಟ್ಯಾಂಕಿನ ಹಿಂದೆ ತುರುಕಿ ಬಂದರಂತೆ. ಆಮೇಲೆ ಒಂದೇ ಮಾತು: "ಆ ಹುಡುಗಿ ಗತಿ ಏನೇ?"

ಹೋಗಿ ಹೇಳೋಣವೆಂದು ಮೂರು ದಿನವೂ ಚಪ್ಪಲಿ ಮೆಟ್ಟಿದರು, ಮೂರು ದಿನವೂ ಬೀದಿ ಕೊನೆಯಿಂದ ತಿರುಗಿ ಬಂದರು. ಬೀದಿ ಕೊನೆಯಲ್ಲಿ ಯಾರಾದರೊಬ್ಬರು, "ನಮಸ್ಕಾರ ಹಾಲೇಶಪ್ಪಾರೆ" ಎಂದು ಕೈ ಮುಗಿಯುತ್ತಿದ್ದರು. ನಮ್ಮ ನಮಸ್ಕಾರಗಳೇ ಅವರ ಬಾಯಿ ಕಟ್ಟಿದವು, ಅದರಲ್ಲಿ ಒಂದು ನನ್ನದೂ ಹೌದು.

ಮಂಗಳವಾರ ಬಂತು. ಮೋಡದ ಒಂದು ಚೂರೂ ಇಲ್ಲ. ಹತ್ತೂವರೆಗೆ ಕಾರು ಬಂದು ನಿಂತಿತು, ದೊಡ್ಡ ಮೇಡಂ ಇಳಿದರು. ಆರಡಿ ಎತ್ತರ, ತಲೆಗೆ ಮೊರದಗಲದ ಟೋಪಿ, ಮೂಗು ಆಗಲೇ ಕೆಂಪಾಗಿತ್ತು. ಬೀದಿಯವರು ಪಂಪ್‌ಹೌಸಿನ ಮುಖ್ಯಸ್ಥರೇ ಬಂದರೆನ್ನುವ ಹಾಗೆ ಕೈಮುಗಿದು ಸಾಲಾಗಿ ನಿಂತೆವು. ಹರಿಹರದ ಹನ್ನೆರಡು ಜನ ಬಸವಪ್ರಭು ಹಿಂದೆ ನಿಂತರು. ಎಲ್ಲರೂ ತಾರಸಿ ಏರಿದೆವು. ಅಷ್ಟು ಜನರನ್ನು ಅದು ಹೊತ್ತುಕೊಂಡಿದ್ದು ಹಳೇ ಕಾಲದ ಸಿಮೆಂಟಿನ ಪುಣ್ಯ.

ಶಾಂತಲಾ ಲ್ಯಾಪ್‌ಟಾಪ್ ತೆರೆದಳು. ಹನ್ನೊಂದಾಯಿತು. ಪರದೆಯ ಮೇಲೆ ಓಜೋನ್ ತೋರಿಸುವ ಗೆರೆ ಏಳಲಿಲ್ಲ. ಹನ್ನೊಂದೂ ಕಾಲು. ಗೆರೆ ಮಲಗಿಯೇ ಇತ್ತು. ಪ್ರೊಫೆಸರರು ಕರ್ಚೀಫು ತೆಗೆದರು. ಮೇಡಂ ಗಡಿಯಾರ ನೋಡಿಕೊಂಡರು. ಹನ್ನೊಂದೂವರೆಗೆ ಶಾಂತಲಾ ಲ್ಯಾಪ್‌ಟಾಪ್ ಮುಚ್ಚಿ ಮತ್ತೆ ತೆರೆದಳು. "ಇಷ್ಟೊತ್ತಿಗೆ ಬರಬೇಕಿತ್ತು" ಎಂದು ತನ್ನಷ್ಟಕ್ಕೇ ಹೇಳಿಕೊಂಡಳು.

ಹಾಲೇಶಪ್ಪನವರು ಮೂಲೆಯಲ್ಲಿ ನೀರಿನ ಟ್ಯಾಂಕಿಗೆ ಒರಗಿ, ನುಂಗಲಾರದೆ ಉಗುಳಲಾರದೆ ನಿಂತಿದ್ದರು.

ಆಗ ಬೀದಿಯಿಂದ ಸ್ಕೂಟರಿನ ಹಾರನ್ನು ಕೇಳಿಸಿತು. ಮುಮ್ತಾಜ್! ಭಟ್ಟಿಯಿಂದ ನೇರವಾಗಿ ಬಂದಿದ್ದರು, ಸಿಟ್ಟು ನೆತ್ತಿಗೇರಿತ್ತು. ಕೆಳಗಿನಿಂದಲೇ ಕೂಗಿದರು:

"ಹಾಲೇಶಣ್ಣ! ಇವತ್ತು ಮಂಗಳವಾರ! ನಮ್ಮ ಪಾಳಿ! ಹನ್ನೊಂದೂವರೆ ಆತು, ಇನ್ನೂ ಪಂಚೆ ಯಾಕೆ ಮುಚ್ಚಿಲ್ಲ? ಫಾರಿನ್ನೋರು ಬಂದ್ರು ಅಂತ ಬಡವ್ರ ನೆರಳು ಕಟ್ ಮಾಡ್ತೀರಾ?"

ಶಾಂತಲಾ ನಿಧಾನವಾಗಿ ತಲೆ ಎತ್ತಿ ಹಾಲೇಶಪ್ಪನವರ ಕಡೆ ನೋಡಿದಳು.

"ಪಂಚೆನಾ ಅಂಕಲ್?"

ಆ ಎರಡು ಮಾತಿಗೆ ಅವರು ಕುಸಿದುಬಿಟ್ಟರು. ಟ್ಯಾಂಕಿನ ಹಿಂದಿನಿಂದ ಪಂಚೆ ತೆಗೆದು ಕೈಯಲ್ಲಿ ಹಿಡಿದರು. "ನಂದೇ ತಪ್ಪವ್ವ. ಬಿಸಿಲು ಬಿಡೋನು ನಾನೇ ಅಂತ ಬಾಯಿ ಬಡಕೊಂಡೆ. ನೆರಳು ಕೇಳಿದ್ರು, ಮುಚ್ಚಿದೆ. ಓಜೋನ್ ದಪ್ಪ ಆಗಿಲ್ಲ, ಪಂಚೆ ದಪ್ಪ ಐತೆ. ನಿನ್ನ ಓದು ಹಾಳು ಮಾಡಿದೆ ನನ್ನ ತಾಯಿ. ಏನು ಬೇಕಾದ್ರೂ ಅನ್ನು." ಮುದುಕರ ಕಣ್ಣಲ್ಲಿ ನೀರು ಬಂತು. ನೀರು ಬಿಡುವವರ ಕಣ್ಣಲ್ಲಿ ನೀರು ಕಂಡದ್ದು ನಮಗೆಲ್ಲ ಅದೇ ಮೊದಲು, ಯಾರಿಗೂ ನಗು ಬರಲಿಲ್ಲ.

ಪ್ರೊಫೆಸರರು ಅಲ್ಲೇ ಇದ್ದ ಒಂದು ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕೂತರು. ಮೇಡಂ ಏನಾಯಿತೆಂದು ಕೇಳಿದರು. ಶಾಂತಲಾ ತುಟಿ ಕಚ್ಚಿಕೊಂಡು ಒಂದೊಂದೇ ಮಾತಾಗಿ ಇಂಗ್ಲಿಷಿನಲ್ಲಿ ಹೇಳಿದಳು. ಎಲ್ಲವನ್ನೂ ಹೇಳಿದಳು, ಒಂದನ್ನೂ ಮುಚ್ಚಿಡಲಿಲ್ಲ. ಮೇಡಂ ಟೋಪಿ ತೆಗೆದು, ಪಂಚೆಯನ್ನು ನೋಡಿ, ಒಂದೇ ಪ್ರಶ್ನೆ ಕೇಳಿದರು. ಶಾಂತಲಾ ಅದನ್ನು ಕನ್ನಡಕ್ಕೆ ತಂದಳು:

"ಯಾವ ಯಾವ ದಿನ ಮುಚ್ಚಿದ್ರಿ ಅಂತ ನೆನಪು ಐತಾ ಅಂತಾರೆ. ನೆನಪಿಲ್ಲ ಅಂದ್ರೆ ಎರಡು ತಿಂಗಳ ಲೆಕ್ಕ ಪೂರಾ ಎಸೆಯಬೇಕು. ನಮ್ಮ ಕೇಂದ್ರ ಮುಚ್ಚಬೇಕು."

ಹಾಲೇಶಪ್ಪನವರು ಮೂಗು ಒರೆಸಿಕೊಂಡರು. ಅವರ ಮುಖದಲ್ಲಿ ಸ್ವಲ್ಪ ಅವಮಾನದ ಭಾವ ಬಂತು.

"ನೆನಪ್ಯಾಕವ್ವ? ಬರೆದೀನಲ್ಲ."

ಸರೋಜಮ್ಮ ಆಗಲೇ ಕೆಳಗೆ ಓಡಿದ್ದರು. ರಿಜಿಸ್ಟರು ಬಂತು. ಶಾಂತಲಾ ಒಂದು ಪುಟ ತೆರೆದು ಗಟ್ಟಿಯಾಗಿ ಓದಿದಳು:

"ಮಾರ್ಚ್ 18, ಮಂಗಳವಾರ. ಮುಚ್ಚಿದ್ದು 11-05. ತೆಗೆದದ್ದು 3-40. ಕೋರಿದವರು ಮುಮ್ತಾಜ್, ಭಟ್ಟಿ. ಮೋಡ ಬಂತು."

ಮೇಡಂ ಲ್ಯಾಪ್‌ಟಾಪಿನಲ್ಲಿ ಅದೇ ದಿನ ತೆರೆದರು. ಗೆರೆ 11-05ಕ್ಕೆ ಎದ್ದಿತ್ತು, 3-40ಕ್ಕೆ ಇಳಿದಿತ್ತು. ಅವರ ಹುಬ್ಬು ಮೇಲೇರಿತು. ಬೆರಳಲ್ಲಿ ಮುಂದೆ ಎಂದು ಸನ್ನೆ ಮಾಡಿದರು.

"ಏಪ್ರಿಲ್ 11, ಶುಕ್ರವಾರ. ಮುಚ್ಚಿದ್ದು 11-00. 1-15ಕ್ಕೆ ಕಾಗೆ ಪಂಚೆ ಎಳೆದು ಬೀಳಿಸಿತು. 1-22ಕ್ಕೆ ಮತ್ತೆ ಮುಚ್ಚಿದೆ. ಮೋಡ ಬರಲಿಲ್ಲ. ಮೇಲಿಂದ ಪ್ರೆಶರ್ ಇಲ್ಲ."

"ಏಳು ನಿಮಿಷ..." ಎಂದು ಪ್ರೊಫೆಸರರು ಬಕೆಟ್ಟಿನ ಮೇಲಿಂದ ಕ್ಷೀಣವಾಗಿ ಹೇಳಿದರು. "ಎಂಟು ಪುಟ..." ಶಕುಂತಲಮ್ಮ ಅವರಿಗೆ ನೀರು ಕೊಟ್ಟರು.

"ಏಪ್ರಿಲ್ 22, ಮಂಗಳವಾರ," ಎಂದು ಶಾಂತಲಾ ಓದಿದಳು. ಈಗ ಅವಳ ದನಿಯಲ್ಲಿ ಜೀವ ಬಂದಿತ್ತು. "ಮುಚ್ಚಿದ್ದು 11-02. ತೆಗೆದದ್ದು 4-00. ಎದುರು ಮನೆ ಶ್ರೀನಿವಾಸ: ಹೊಸ ಸ್ಕೂಟರಿನ ಸೀಟು ಕಾಯುತ್ತದೆ, ದಿನಾಲೂ ನಮ್ಮ ಬಾಗಿಲ ಮುಂದೆ ಮಾತ್ರ ನೆರಳು ಬಿಡಿ, ಬೇರೆಯವರಿಗೆ ಹೇಳಬೇಡಿ ಎಂದರು. ನಿಯಮದಲ್ಲಿ ಇಲ್ಲ ಎಂದೆ."

ಇಡೀ ತಾರಸಿ ನನ್ನ ಕಡೆ ತಿರುಗಿತು. ನಾನು ಮೊದಲೇ ಹೇಳಿದ್ದೆ, ನಾಚಿಕೊಳ್ಳುತ್ತೇನೆಂದು. ನಾಚಿಕೊಂಡೆ.

ಮುಕ್ಕಾಲು ತಾಸು ಓದು ನಡೆಯಿತು. ಒಂದು ನಿಮಿಷವೂ ಹೆಚ್ಚು ಕಡಿಮೆ ಇರಲಿಲ್ಲ. ಪಂಚೆಯ ಹೊತ್ತನ್ನೆಲ್ಲ ಮೇಡಂ ತೆಗೆದುಹಾಕಿ ಉಳಿದ ಗೆರೆಯನ್ನು ಹರಿಹರದ ಯಂತ್ರದ ಗೆರೆಯ ಮೇಲೆ ಇಟ್ಟರು. ಎರಡೂ ಒಂದರ ಮೇಲೊಂದು ಕೂತವು. ಆಗ ಮೇಡಂ ನಕ್ಕರು. ಆರಡಿ ಮನುಷ್ಯರು ನಕ್ಕರೆ ಟ್ಯಾಂಕಿನ ನೀರು ಅಲುಗುತ್ತದೆ. ಆಮೇಲೆ ಬಹಳ ಹೊತ್ತು ಮಾತಾಡಿದರು. ಶಾಂತಲಾ ಅಳುತ್ತಾ ನಗುತ್ತಾ ಹೇಳಿದ್ದರ ಸಾರಾಂಶ ಇದು.

ಮೋಡ ಎಲ್ಲ ಬೆಳಕನ್ನೂ ಹೆಚ್ಚುಕಡಿಮೆ ಒಂದೇ ಸಮ ತಡೆಯುತ್ತದೆ, ಯಂತ್ರ ಅದಕ್ಕೆ ಮೋಸ ಹೋಗುವುದಿಲ್ಲ. ಈ ಪಂಚೆ ಆ ಕೆಟ್ಟ ಕಿರಣವನ್ನೇ ಹೆಚ್ಚಾಗಿ ತಡೆದಿದೆ, ಅಂದರೆ ಓಜೋನ್ ಮಾಡುವ ಕೆಲಸವನ್ನೇ ಮಾಡಿದೆ. ಆದ್ದರಿಂದ ತಪ್ಪು ಯಾರಿಗೂ ಗೊತ್ತಾಗಲಿಲ್ಲ. ಬೇರೆ ಕೇಂದ್ರಗಳಲ್ಲೂ ಹಕ್ಕಿ ಕೂರುತ್ತದೆ, ದೂಳು ಕೂರುತ್ತದೆ, ಯಾರೋ ಬಟ್ಟೆ ಹಾಕುತ್ತಾರೆ, ಯಾರೂ ಬರೆದಿಡುವುದಿಲ್ಲ. ಯಾವುದನ್ನು ಎಸೆಯಬೇಕು ಎಂದು ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳಬೇಕು. ಕಾಗೆಯ ವೇಳೆಯನ್ನೂ ಬರೆದ ರಿಜಿಸ್ಟರನ್ನು ತಾನು ಈ ಕೆಲಸದಲ್ಲಿ ಇದೇ ಮೊದಲು ನೋಡಿದ್ದು. ಮೂರು ವರ್ಷದ ಹಣಕ್ಕೆ ತಾನು ಶಿಫಾರಸು ಮಾಡುತ್ತೇನೆ. ಷರತ್ತು ಎರಡು: ರಿಜಿಸ್ಟರು ನಿಲ್ಲಬಾರದು, ಪಂಚೆ ನಿಲ್ಲಬೇಕು.

"ಪಂಚೆ ನೀವೇ ತಗಂಡು ಹೋಗ್ರಿ ತಾಯಿ, ಪುಣ್ಯ ಬರ್ತೈತೆ" ಎಂದು ಸರೋಜಮ್ಮ ಅದನ್ನು ಮಡಿಸಿ ಮೇಡಂ ಕೈಗೇ ಇಟ್ಟುಬಿಟ್ಟರು. ಶಾಂತಲಾ ಹಾಲೇಶಪ್ಪನವರ ಕಾಲಿಗೆ ಬೀಳಲು ಹೋದಳು, ಅವರು ಅವಳ ಕೈ ಹಿಡಿದು ಎತ್ತಲು ಬಾಗಿದರು, ಇಬ್ಬರ ತಲೆಯೂ ಢೀ ಹೊಡೆದು ಬೀದಿಯೆಲ್ಲ ಒಮ್ಮೆಗೆ ನಕ್ಕಿತು. ನಾನೂ ನಕ್ಕೆ, ನನ್ನ ಸ್ಕೂಟರಿನ ವಿಷಯ ಎಲ್ಲರೂ ಮರೆತರೆಂದು.

ಬಸವಪ್ರಭು ಮಾತ್ರ ಮನವಿ ಪತ್ರ ಹಿಡಿದು ನಿಂತಿದ್ದರು. "ಹಂಗಾರೆ ನಮ್ಮದೂ ಇಷ್ಟೇ ದಪ್ಪ ಐತೇನವ್ವ?"

"ಅಷ್ಟೇ ಐತ್ರಿ. ಕೂದಲೆಳೆ ವ್ಯತ್ಯಾಸ ಇಲ್ಲ."

"ಸಾಕು ಬಿಡ್ರಿ. ಅಷ್ಟಿದ್ರೆ ಸಾಕು" ಎಂದು ನಿಟ್ಟುಸಿರು ಬಿಟ್ಟು, ಹನ್ನೆರಡು ಜನರನ್ನೂ ಕರೆದುಕೊಂಡು ಬೆಣ್ಣೆ ದೋಸೆ ತಿನ್ನಲು ಹೋದರು. ಮುಮ್ತಾಜ್ ಮೇಲೆ ಬಂದು ಎಲ್ಲ ಕೇಳಿಸಿಕೊಂಡರು. "ಅಯ್ಯೋ ಹಾಲೇಶಣ್ಣ, ಮೊದಲೇ ಹೇಳಬಾರದಾ? ಭಟ್ಟಿ ಮುಂದೆ ಶೀಟಾದ್ರೂ ಹಾಕಿಸ್ತಿದ್ದೆ" ಎಂದರು. ಮುಂದಿನ ವಾರ ಹಾಕಿಸಿದರು.

ಮರುದಿನ ಬೆಳಿಗ್ಗೆ ನಾನು ಕ್ಷಮೆ ಕೇಳುವ ನೆಪದಲ್ಲಿ ಹೋದೆ. ಹಾಲೇಶಪ್ಪನವರು ಮೇಲೆ ಗಾಜು ಒರೆಸುತ್ತಿದ್ದರು, ಕಟ್ಟೆಯ ಮೇಲೆ ಶಕುಂತಲಮ್ಮನ ಮನೆಯ ಕಾಫಿ ಲೋಟ, ಪಕ್ಕದಲ್ಲಿ ರಿಜಿಸ್ಟರು ತೆರೆದಿತ್ತು. ಹಿಂದಿನ ದಿನ ಮೇಡಂ ಕಾರು ಹತ್ತುವಾಗ ಉರಿಬಿಸಿಲಿಗೆ ಕಣ್ಣು ಕಿರಿದು ಮಾಡಿ, ಶಾಂತಲಾಳ ಬಾಯಿಂದ ಹಾಲೇಶಪ್ಪನವರಿಗೆ ಏನೋ ಹೇಳಿಸಿ ನಕ್ಕಿದ್ದನ್ನು ನಾನು ನೋಡಿದ್ದೆ. ಅದೇನೆಂದು ಈಗ ತಿಳಿಯಿತು. ಕೊನೆಯ ಪುಟದಲ್ಲಿ ಹೀಗಿತ್ತು:

"ಮೇ 20, ಮಂಗಳವಾರ. ಮುಚ್ಚಲಿಲ್ಲ. ದೊಡ್ಡ ಮೇಡಂ 1-10ಕ್ಕೆ ಹೊರಟರು. ಹರಿಹರ ಮುಟ್ಟುವ ತನಕ ಸ್ವಲ್ಪ ನೆರಳು ಬಿಡಿ ಎಂದು ಕೋರಿದರು. ನನಗೆ ಅಧಿಕಾರ ಇಲ್ಲ ಎಂದು ತಿಳಿಸಿದೆ. 1-20ಕ್ಕೆ ಮೋಡ ಬಂತು. ಇದರಲ್ಲಿ ನನ್ನ ಕೈವಾಡ ಏನೂ ಇಲ್ಲ. ಸಹಿ, ಹಾಲೇಶಪ್ಪ."